ತೆರಿಗೆ ವಕೀಲ ನಾನಿ ಪಾಲ್ಖಿವಾಲಾ

ರಾಯಚೂರಿನ ಹತ್ತಿ ಮಿಲ್ಲು, ಮಾನ್ವಿಯ ರೈಸ್ ಮಿಲ್ಲು, ದೇವದುರ್ಗದ ಅಡತಿ ಅಂಗಡಿ ಇವುಗಳಲ್ಲಿ ಎಷ್ಟೋ ಇಬ್ಬರು ಮೂವರು ಕೂಡಿ ನಡೆಸುವ ಪಾಲುದಾರಿಕೆ ವ್ಯಾಪಾರಗಳು. ಬಂದ ಲಾಭಕ್ಕೆ ತೆರಿಗೆ ಕಟ್ಟಬೇಕಾದವರು ಯಾರು, ಅಂಗಡಿಯೋ ಪಾಲುದಾರರೋ? ಇಂಥ ಪ್ರಶ್ನೆ ಬಂದಾಗ ದೇಶದ ವಕೀಲರು ತೆರೆದು ನೋಡುತ್ತಿದ್ದ ಗ್ರಂಥ ನಾನಿ ಪಾಲ್ಖಿವಾಲಾ ಅವರದು.

ಅವರು ಹುಟ್ಟಿದ್ದು 1920ರ ಜನವರಿ 16ರಂದು, ಮುಂಬೈಯ ಸಾಧಾರಣ ಪಾರ್ಸಿ ಮನೆತನದಲ್ಲಿ. ಹಿರಿಯರು ಪಲ್ಲಕ್ಕಿ ಮಾಡುವವರಾಗಿದ್ದರಿಂದ ಪಾಲ್ಖಿವಾಲಾ ಎಂಬ ಅಡ್ಡಹೆಸರು ಬಂತು. ಬಾಲ್ಯದಲ್ಲಿ ಅವರಿಗೆ ಮಾತು ಉಗ್ಗುತ್ತಿತ್ತು. ಛಲದಿಂದ ಅದನ್ನು ಗೆದ್ದರು. ಇಂಗ್ಲಿಷ್ ಎಂ.ಎ. ಮುಗಿಸಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಿದರು, ಅದು ಸಿಗಲಿಲ್ಲ. ಆಗ ಕಾನೂನು ಕಾಲೇಜು ಸೇರಿದರು. ಮುಂದೆ ಹಿರಿಯ ವಕೀಲ ಸರ್ ಜಮ್ಶೆಡ್‌ಜಿ ಕಾಂಗಾ ಅವರ ಬಳಿ ಕೆಲಸ ಕಲಿತು, 1950ರಲ್ಲಿ ಅವರ ಜೊತೆಗೂಡಿ ಆದಾಯ ತೆರಿಗೆ ಕಾನೂನಿನ ಗ್ರಂಥ ಹೊರತಂದರು. ಆಗ ಪಾಲ್ಖಿವಾಲಾ ಅವರಿಗೆ ಮೂವತ್ತು ವರ್ಷ.

ಆ ಕಾಲದ 1922ರ ಕಾಯ್ದೆಯಂತೆ ಪಾಲುದಾರಿಕೆ ಪತ್ರದಲ್ಲಿ ಪ್ರತಿಯೊಬ್ಬರ ಪಾಲು ಇಷ್ಟೆಂದು ಬರೆದು, ತೆರಿಗೆ ಇಲಾಖೆಯಲ್ಲಿ ಸಂಸ್ಥೆಯನ್ನು ನೋಂದಾಯಿಸಬೇಕಿತ್ತು. ಹಾಗಿದ್ದರೆ ಲಾಭವನ್ನು ಪಾಲಿನಂತೆ ಹಂಚಿ ಆಯಾ ಪಾಲುದಾರರ ಆದಾಯಕ್ಕೆ ಸೇರಿಸುತ್ತಿದ್ದರು. ಪತ್ರದಲ್ಲಿನ ಒಂದು ಮಾತು ತಪ್ಪಿದರೂ ತೆರಿಗೆಯ ಲೆಕ್ಕವೇ ಬದಲಾಗಬಹುದಿತ್ತು. ಕಾನೂನಿನ ಒಂದೊಂದು ಪದವನ್ನೂ ತೂಗಿ ನೋಡುವ ಅಭ್ಯಾಸ ಅವರಿಗೆ ಬಂದದ್ದು ಈ ಕೆಲಸದಲ್ಲೇ.

1958ರಿಂದ 1994ರವರೆಗೆ ಅವರು ಕೇಂದ್ರ ಬಜೆಟ್ಟನ್ನು ಜನರಿಗೆ ವಿವರಿಸುವ ಭಾಷಣ ಮಾಡುತ್ತಿದ್ದರು. ಚಿಕ್ಕ ಸಭಾಂಗಣದಲ್ಲಿ ಶುರುವಾದ ಭಾಷಣ ಕೊನೆಗೆ ಮುಂಬೈಯ ಬ್ರೇಬೋರ್ನ್ ಕ್ರೀಡಾಂಗಣಕ್ಕೆ ಬಂತು. ಉಗ್ಗುತ್ತಿದ್ದ ಹುಡುಗನ ಮಾತು ಕೇಳಲು ಸಾವಿರಾರು ಜನ ಸೇರುತ್ತಿದ್ದರು.

ಪದಗಳನ್ನು ತೂಗುವ ಅದೇ ಅಭ್ಯಾಸ ಸಂವಿಧಾನದ ಮೊಕದ್ದಮೆಗಳಲ್ಲೂ ಕೆಲಸಕ್ಕೆ ಬಂತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅವರ ಪರ ವಾದಿಸಿದವರು ಪಾಲ್ಖಿವಾಲಾ. 13 ನ್ಯಾಯಮೂರ್ತಿಗಳ ಮುಂದೆ 68 ದಿನ ವಿಚಾರಣೆ ನಡೆಯಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ತೀರ್ಪು ಬಂತು. 1975ರಲ್ಲಿ ಅವರು ಇಂದಿರಾ ಗಾಂಧಿಯವರ ಚುನಾವಣಾ ಮೊಕದ್ದಮೆಯ ವಕೀಲರಾಗಿದ್ದರು. ತುರ್ತುಪರಿಸ್ಥಿತಿ ಘೋಷಣೆಯಾದ ಕೂಡಲೇ ಆ ವಕಾಲತ್ತು ಬಿಟ್ಟರು. 1980ರಲ್ಲಿ ತೀರ್ಪು ಬಂದ ಬೆಂಗಳೂರಿನ ಮಿನರ್ವ ಮಿಲ್ಸ್ ಮೊಕದ್ದಮೆಯಲ್ಲಿ ವಾದಿಸಿ, ಮೂಲ ರಚನೆಯ ತತ್ವವನ್ನು ಇನ್ನಷ್ಟು ಗಟ್ಟಿ ಮಾಡಿದರು.

1977ರಿಂದ 1979ರವರೆಗೆ ಅವರು ಅಮೆರಿಕಕ್ಕೆ ಭಾರತದ ರಾಯಭಾರಿಯಾಗಿದ್ದರು. 1998ರಲ್ಲಿ ಪದ್ಮವಿಭೂಷಣ ಬಂತು. 2002ರ ಡಿಸೆಂಬರ್ 11ರಂದು ತೀರಿಕೊಂಡರು.

ನಮ್ಮ ಶಾಲೆಯ ಮಕ್ಕಳಲ್ಲಿ ಸಭೆಯಲ್ಲಿ ಎದ್ದು ಮಾತಾಡಲು ಅಂಜುವವರು, ಬೇಕೆಂದ ಕೋರ್ಸಿಗೆ ಸೀಟು ಸಿಗದೆ ಬೇರೆ ದಾರಿ ಹಿಡಿಯುವವರು ಪ್ರತಿ ವರ್ಷ ಇರುತ್ತಾರೆ. ಅವರು ಈ ವಕೀಲರ ಬದುಕನ್ನು ಒಮ್ಮೆ ಓದಬೇಕು. ಸಿಕ್ಕ ಕೆಲಸವನ್ನು ಮನಸ್ಸಿಟ್ಟು ಕಲಿತದ್ದಕ್ಕೇ ತೆರಿಗೆಯ ವಕೀಲರೊಬ್ಬರು ನಮ್ಮೆಲ್ಲರ ಹಕ್ಕಿನ ಪರ ನಿಲ್ಲಬಲ್ಲವರಾದರು.