ಜನರಲ್ ತಿಮ್ಮಯ್ಯ ಮತ್ತು ಹಾಸ್ಟೆಲ್ಲಿನ ನಿಯಮಗಳು



ಜೂನ್ ಬಂತೆಂದರೆ ಕೊಡಗಿನ ಅನೇಕ ಮನೆಗಳಲ್ಲಿ ಟ್ರಂಕು, ಕಂಬಳಿ, ಸಮವಸ್ತ್ರಗಳ ಗಡಿಬಿಡಿ. ತೋಟದ ಮನೆಯಿಂದ ಶಾಲೆ ದೂರ, ಅದರ ಮೇಲೆ ಬಿಡದ ಮಳೆ. ಮಕ್ಕಳನ್ನು ಹಾಸ್ಟೆಲ್ಲಿಗೆ ಸೇರಿಸುವುದು ನಮ್ಮಲ್ಲಿ ಹಳೆಯ ರೂಢಿ. ಸೇರಿಸುವ ದಿನ ಶಾಲೆಯವರು ನಿಯಮಗಳ ಒಂದು ಪಟ್ಟಿ ಕೊಡುತ್ತಾರೆ. ಏಳುವ ಹೊತ್ತು, ಓದುವ ಹೊತ್ತು, ಗೇಟು ದಾಟಬಾರದ ಹೊತ್ತು. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಓದದೆಯೇ ಸಹಿ ಹಾಕುತ್ತೇವೆ. ಈ ನಿಯಮಗಳು ಯಾರಿಗಾಗಿ ಇವೆ ಎಂದು ಎಂದಾದರೂ ಕೇಳಿದ್ದೀರಾ? ವಾರ್ಡನ್ನರ ಅನುಕೂಲಕ್ಕೋ, ಶಾಲೆಯ ಹೆಸರಿಗೋ, ಮಗುವಿನ ಒಳಿತಿಗೋ? ಉತ್ತರಕ್ಕಾಗಿ ನಮ್ಮ ಜಿಲ್ಲೆಯವರೇ ಒಬ್ಬರ ಬಾಳನ್ನು ನೋಡೋಣ.

ಕೋದಂಡೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚಿಯಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಕಾಫಿ ಬೆಳೆಗಾರರ ಮನೆತನ. ತಾಯಿ ಸೀತಮ್ಮ ಸಮಾಜಸೇವೆಗಾಗಿ ಕೈಸರ್-ಎ-ಹಿಂದ್ ಪದಕ ಪಡೆದವರು. ಆದರೂ ಆ ತಾಯಿಯ ಮಡಿಲಲ್ಲಿ ಮಗ ಬಹುಕಾಲ ಉಳಿಯಲಿಲ್ಲ. ಎಂಟು ವರ್ಷದವನಾಗಿದ್ದಾಗಲೇ ಕೂನೂರಿನಲ್ಲಿ ಐರಿಷ್ ಬ್ರದರುಗಳು ನಡೆಸುತ್ತಿದ್ದ ಸಂತ ಜೋಸೆಫರ ಶಾಲೆಗೆ ಹೊರಟ. ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಅನಂತರ ಡೆಹ್ರಾಡೂನಿನಲ್ಲಿ 1922ರಲ್ಲಿ ಆರಂಭವಾದ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಆಯ್ಕೆಯಾದ ಆರು ಮಂದಿ ಭಾರತೀಯರಲ್ಲಿ ಇವರೂ ಒಬ್ಬರು. 1926ರಲ್ಲಿ ಅಧಿಕಾರಿಯಾಗಿ ಹೊರಬಂದರು. ಬಾಲ್ಯದ ಎಂಟನೆಯ ವರ್ಷದಿಂದ ಯೌವನದವರೆಗೆ ಅವರು ಬದುಕಿದ್ದೇ ಗಂಟೆಯ ಸದ್ದಿಗೆ, ಇತರರು ಬರೆದ ನಿಯಮಗಳಿಗೆ.

ಹೀಗೆ ಬೆಳೆದವರು ಎರಡು ರೀತಿ ಆಗಬಹುದು. ಒಬ್ಬನಿಗೆ ಶಿಸ್ತು ಎಂದರೆ ಭಯ. ತನಗೆ ಅಧಿಕಾರ ಸಿಕ್ಕಿದ ದಿನ ಅದೇ ಭಯವನ್ನು ಅವನು ಕೆಳಗಿನವರಿಗೆ ಹಂಚುತ್ತಾನೆ. ಇನ್ನೊಬ್ಬನಿಗೆ ಶಿಸ್ತು ಎಂದರೆ ತನ್ನನ್ನು ತಾನು ಆಳಿಕೊಳ್ಳುವ ಅಭ್ಯಾಸ. ಸದ್ಗುಣವು ಅಭ್ಯಾಸದಿಂದ ಬೆಳೆಯುತ್ತದೆ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕಲಿಸಿದ್ದು ಈ ಎರಡನೆಯವನನ್ನು ಕುರಿತೇ. ತಿಮ್ಮಯ್ಯನವರು ಯಾವ ಗುಂಪಿಗೆ ಸೇರಿದವರೆಂದು ಅವರ ಮುಂದಿನ ಬದುಕೇ ತೋರಿಸಿತು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಅವರು ಪದಾತಿ ಬ್ರಿಗೇಡನ್ನು ಮುನ್ನಡೆಸಿದರು. ಅಂದಿನ ಭಾರತೀಯರಿಗೆ ಅದು ಅಪರೂಪದ ಗೌರವ. 1948ರ ಮೇ ತಿಂಗಳಲ್ಲಿ ಲೇಹ್‌ನಲ್ಲಿ ಮೊದಲ ವಿಮಾನ ಇಳಿದಾಗ ಅದರಲ್ಲಿ ಅವರಿದ್ದರು. ಅದೇ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಝೋಜಿ ಲಾ ಕಣಿವೆಗೆ ಟ್ಯಾಂಕುಗಳು ನುಗ್ಗಿದಾಗಲೂ ಅವರು ಮುಂಚೂಣಿಯಲ್ಲಿದ್ದರು. ಅಪಾಯಕ್ಕೆ ಹೋಗಿರೆಂದು ಆಜ್ಞೆ ಕೊಡುವವನು ತಾನೂ ಅಲ್ಲಿರಬೇಕು. ಮಕ್ಕಳನ್ನು ಐದು ಗಂಟೆಗೆ ಎಬ್ಬಿಸುವ ಹಿರಿಯರು ಇದನ್ನು ಸ್ವಲ್ಪ ಯೋಚಿಸಬೇಕು.

ಆದರೆ ನಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಕೊರಿಯಾದಲ್ಲಿ. 1953ರಲ್ಲಿ ಅಲ್ಲಿ ಯುದ್ಧ ನಿಂತಿತು. ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಕೈದಿಗಳನ್ನು ಕಾಯುವ ಹೊಣೆ ಭಾರತದ ಸೇನೆಗೆ ಬಂತು. ಐದು ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ತಂತಿಬೇಲಿಯ ಒಳಗೆ ಕೈದಿಗಳದೇ ನಾಯಕರಿದ್ದರು. ಮನೆಗೆ ಹೋಗಬೇಕೆಂದು ಯಾರಾದರೂ ಬಾಯಿಬಿಟ್ಟರೆ ರಾತ್ರಿ ಅವರಿಗೆ ಉಳಿಗಾಲವಿರಲಿಲ್ಲ. ಹೊರಗೆ ಕಾವಲು ಬಿಗಿಯಾಗಿದ್ದರೂ ಒಳಗೆ ಬಲಿಷ್ಠರದೇ ರಾಜ್ಯ. ಹಾಸ್ಟೆಲ್ಲಿನಲ್ಲಿ ದೀಪ ಆರಿದ ಮೇಲೆ ನಡೆಯುವುದೂ ಕೆಲವೊಮ್ಮೆ ಇದೇ ಅಲ್ಲವೇ?

ಬಲ ಪ್ರಯೋಗಿಸಿ ಎಲ್ಲರನ್ನೂ ಒಂದೇ ಕಡೆಗೆ ಅಟ್ಟಲು ತಿಮ್ಮಯ್ಯನವರು ಒಪ್ಪಲಿಲ್ಲ. ನಿಯಮದಂತೆ ಒಬ್ಬೊಬ್ಬ ಕೈದಿಯನ್ನೂ ಡೇರೆಗೆ ಕರೆತಂದು, ಅವನ ದೇಶದವರ ಮಾತು ಕೇಳಿಸಿ, ಎರಡು ಬಾಗಿಲುಗಳಲ್ಲಿ ತನಗೆ ಬೇಕಾದುದನ್ನು ಅವನೇ ಆರಿಸಿಕೊಳ್ಳಲು ಬಿಟ್ಟರು. ಎಲ್ಲವೂ ಸುಸೂತ್ರವಾಗಲಿಲ್ಲ. ಅಕ್ಟೋಬರಿನ ಆರಂಭದಲ್ಲಿ ಗುಂಡು ಹಾರಿ ಕೆಲವು ಕೈದಿಗಳು ಸತ್ತರು. ಬಹುಪಾಲು ಮಂದಿಯ ಸರದಿ ಬರುವ ಮೊದಲೇ ಅವಧಿ ಮುಗಿಯಿತು. ಆದರೂ ಆ ಡೇರೆಯೊಳಗೆ ಕೆಲವು ನಿಮಿಷಗಳ ಕಾಲ, ಗುಂಪಿನ ಕಣ್ಣು ತಪ್ಪಿಸಿ, ಅಂಜಿದವನೊಬ್ಬ ತನ್ನ ಮನಸ್ಸಿನಂತೆ ಹೆಜ್ಜೆ ಇಡಬಹುದಾಗಿತ್ತು. ನಿಯಮ ಇರುವುದು ಇದಕ್ಕೆ. ಬಲವಿಲ್ಲದವನಿಗೆ ಅದು ಗೋಡೆಯಾಗಿ ನಿಲ್ಲಬೇಕು.

ಅವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬೆಳೆದಾಗ ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ನೆಹರೂ ಕೇಳಿಕೊಂಡಾಗ ಹಿಂತೆಗೆದುಕೊಂಡರು. ಅದು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಇದೆ. ಒಂದು ಮಾತ್ರ ಸ್ಪಷ್ಟ. ಅವರ ಅಸಮಾಧಾನ ಕಾಗದದ ಮೂಲಕ ನೇರ ಬಾಗಿಲಿನಿಂದ ಹೋಯಿತು, ಬಂದೂಕಿನ ಮೂಲಕ ಹೋಗಲಿಲ್ಲ. ವಿಧೇಯತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ದೂರು ಹೇಳಲು ಹುಡುಗನಿಗೊಂದು ಬಾಗಿಲು ತೆರೆದಿಡದ ಹಾಸ್ಟೆಲ್ಲಿನಲ್ಲಿ ಶಾಂತಿ ಕಂಡರೂ ಶಿಸ್ತು ಇರುವುದಿಲ್ಲ.

ನಿವೃತ್ತಿಯ ನಂತರ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ಸೈಪ್ರಸ್ ದ್ವೀಪದ ಶಾಂತಿಪಡೆಯನ್ನು ನಡೆಸಿದರು. ಅಲ್ಲಿಯೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮಡಿಕೇರಿಯ ಅವರ ಮನೆ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ. 2007ರಿಂದ ಕೂಡಿಗೆಯಲ್ಲಿ ಸೈನಿಕ ಶಾಲೆಯೂ ಇದೆ. ಬೆತ್ತದ ಕಾಲ ಮಾತ್ರ ಮುಗಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಆದ್ದರಿಂದ ಪೋಷಕರೇ, ಈ ಸಲ ಸಹಿ ಹಾಕುವ ಮುನ್ನ ಪಟ್ಟಿಯನ್ನು ಮಗುವಿನ ಪಕ್ಕದಲ್ಲಿ ಕುಳಿತು ಓದಿ. ಪ್ರತಿಯೊಂದು ನಿಯಮ ಯಾರನ್ನು ಕಾಪಾಡುತ್ತದೆ ಎಂದು ಮಗುವಿನೊಡನೆ ಮಾತಾಡಿ. ದೊಡ್ಡ ಹುಡುಗರು ಪೀಡಿಸಿದರೆ ಯಾರ ಬಳಿ ಹೋಗಬೇಕೆಂದು ವಾರ್ಡನ್ನರನ್ನೇ ಕೇಳಿ ತಿಳಿದುಕೊಳ್ಳಿ. ರಜೆಗೆ ಮಗು ಬಂದಾಗ ಅಂಕಪಟ್ಟಿ ಕೇಳುವ ಮೊದಲು ಒಂದು ಮಾತು ವಿಚಾರಿಸಿ: ನಿನ್ನ ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಯಾರು, ಅವನು ಹೇಗಿದ್ದಾನೆ?