ಹರಳಿನಲ್ಲಿ ಬೆಳಕನ್ನು ಅರಸಿದವರು

ಇಂದಿರಾನಗರದ ಸರಕಾರೀ ಆಸ್ಪತ್ರೆಗೂ ಅದರ ನೆರೆಯ ಬಡಾವಣೆಗೂ ಸರ್ ಸಿ. ವಿ. ರಾಮನ್‌ರವರ ಹೆಸರಿದೆ. ದಿನವೂ ಆ ಹೆಸರನ್ನು ಉಚ್ಚರಿಸುವ ನಾವು ಆ ಮಹನೀಯರ ಬಾಳನ್ನು ಒಮ್ಮೆ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯ ಬಳಿ ಜನಿಸಿದ ರಾಮನ್‌ರವರು 1907ರಲ್ಲಿ ಹಣಕಾಸಿನ ಇಲಾಖೆಯ ಅಧಿಕಾರಿಗಳಾಗಿ ಕಲ್ಕತ್ತೆಗೆ ಹೋದರು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ. ಮುಂಜಾನೆ ಸಂಜೆಗಳಲ್ಲಿ ಬೌಬಜಾರಿನ ಪ್ರಯೋಗಶಾಲೆ. 1917ರಲ್ಲಿ ಆ ದೊಡ್ಡ ಸಂಬಳದ ಹುದ್ದೆಯನ್ನು ತೊರೆದು ಅಲ್ಪವೇತನದ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಿದರು. ಈ ತ್ಯಾಗದ ಬೆಲೆಯನ್ನು ಅಧಿಕಾರಿಗಳಾದ ನಮ್ಮ ವಾಚಕರು ಚೆನ್ನಾಗಿ ಬಲ್ಲರು. ವಸ್ತುವಿನಿಂದ ಚದುರಿದ ಬೆಳಕಿನಲ್ಲಿ ಸ್ವಲ್ಪಾಂಶವು ಬಣ್ಣ ಬದಲಿಸುವುದೆಂಬ ಸಂಗತಿಯನ್ನು ಅವರು ಶಿಷ್ಯರಾದ ಕೆ. ಎಸ್. ಕೃಷ್ಣನ್‌ರವರೊಡನೆ 1928ರಲ್ಲಿ ಕಂಡುಹಿಡಿದರು. 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

1933ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದ ಮೇಲೆ ಹರಳುಗಳ ಅಧ್ಯಯನವು ಅವರ ಮುಖ್ಯ ಕಾಯಕಗಳಲ್ಲಿ ಒಂದಾಯಿತು. ವಜ್ರಗಳನ್ನು ಅವರು ಸಂಗ್ರಹಿಸಿದ್ದು ಒಡವೆಗಾಗಿ ಅಲ್ಲ, ಪರೀಕ್ಷೆಗಾಗಿ. ಹರಳಿನೊಳಗಿನ ಪರಮಾಣುಗಳ ಕಂಪನದ ವಿಷಯದಲ್ಲಿ, ತಾವೇ 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡಿದ್ದ ಮ್ಯಾಕ್ಸ್ ಬಾರ್ನ್‌ರ ಸಿದ್ಧಾಂತವನ್ನು ಅವರು ಬಹುಕಾಲ ವಿರೋಧಿಸಿದರು. ವಿಜ್ಞಾನಲೋಕದ ತೀರ್ಪು ಬಾರ್ನ್‌ರ ಕಡೆಗಾಯಿತು. ಇದನ್ನು ಮರೆಮಾಚುವುದು ಸತ್ಯಾನ್ವೇಷಿಗೆ ಸಲ್ಲಿಸುವ ಗೌರವವಲ್ಲ. 1937ರಲ್ಲಿ ನಿರ್ದೇಶಕತ್ವವನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿದ್ದು, ಬಳಿಕ ಸರಕಾರದ ಧನವನ್ನು ಬಯಸದೆ ತಮ್ಮದೇ ಸಂಶೋಧನಾಲಯವನ್ನು ನಡೆಸಿದರು.

1960ರಲ್ಲಿ ಲೇಸರ್ ಬಂದ ಮೇಲೆ ಹರಳುಗಳಿಗೆ ಹೊಸ ಬೆಲೆ ಬಂದಿತು. ಅಮೈನೋ ಆಮ್ಲದಂತಹ ಸಾವಯವ ದ್ರವ್ಯವನ್ನು ನಿರವಯವ ಆಮ್ಲ ಅಥವಾ ಲವಣದೊಡನೆ ನೀರಿನಲ್ಲಿ ಕರಗಿಸಿ, ನೀರು ಮೆಲ್ಲನೆ ಆರುವಂತೆ ವಾರಗಟ್ಟಲೆ ಬಿಟ್ಟು, ಅರೆಸಾವಯವ ಹರಳುಗಳನ್ನು ಬೆಳೆಸುವರು. ಎಲ್-ಆರ್ಜಿನೀನ್ ಫಾಸ್ಫೇಟ್ ಇಂತಹುದೊಂದು. ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಕಿರಣವು ಇದನ್ನು ಹೊಕ್ಕಾಗ ಅದರ ಒಂದಂಶವು ಹಸುರಾಗಿ ಹೊರಬರುವುದು. ಬೆಳೆದ ಹರಳಿನಲ್ಲಿ ಅಣುಗಳು ಹೇಗೆ ಬೆಸೆದಿವೆ ಎಂಬುದನ್ನು ತಿಳಿಯುವ ಸಾಧನಗಳಲ್ಲಿ ರಾಮನ್ ರೋಹಿತವೂ ಒಂದು.

1970ರ ನವೆಂಬರ್ 21ರಂದು ಅವರು ತೀರಿಕೊಂಡರು. ಸಂಶೋಧನಾಲಯದ ತೋಟದಲ್ಲಿ ದಹನಸಂಸ್ಕಾರವಾದ ಸ್ಥಳದಲ್ಲಿ ಸಮಾಧಿಯಿಲ್ಲ, ಒಂದು ಮರವಿದೆ. ಅಂತಹವರ ಹೆಸರನ್ನು ಹಲಗೆಗಳ ಮೇಲೆ ಬರೆದರೆ ಸಾಲದು. ಗಾಜಿನ ಪಾತ್ರೆಯ ಮುಂದೆ ಹರಳು ಮೂಡುವುದನ್ನು ಕಾಯುವ ನಮ್ಮ ತರುಣರಿಗೆ ಉಪಕರಣವನ್ನೂ ಅವಕಾಶವನ್ನೂ ಒದಗಿಸಿದರೆ ಮಾತ್ರ ಆ ಹೆಸರನ್ನು ಉಚ್ಚರಿಸಲು ನಾವು ಅರ್ಹರಾಗುವೆವು.