ವರ್ಷಕ್ಕೊಮ್ಮೆ ಅದೇ ಎದುರಾಳಿ: ಟೆನೆಸ್ಸಿಯ ಜನರಲ್ ನೀಲ್ಯಾಂಡ್ ಅವರ ಬದುಕು

ನಮ್ಮ ಕರಾವಳಿಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ಎಷ್ಟೋ ಕುಟುಂಬಗಳು ಇಂದು ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಸುತ್ತಮುತ್ತ ಇವೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿ ಬರುವಾಗ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವನ್ನು ಅವರೆಲ್ಲರೂ ಕಂಡಿರುತ್ತಾರೆ. ಈ ವಿಶ್ವವಿದ್ಯಾಲಯ 1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾಯಿತು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಹುಟ್ಟಿಕೊಂಡದ್ದೂ ಇದೇ ವಿಶ್ವವಿದ್ಯಾಲಯದ ಮಡಿಲಲ್ಲಿ. ಅಮೆರಿಕದಲ್ಲಿ 1862ರ ಒಂದು ಕಾಯ್ದೆಯ ಪ್ರಕಾರ ಸರಕಾರವು ರಾಜ್ಯಗಳಿಗೆ ಜಮೀನು ಕೊಟ್ಟು, ರೈತರ ಮತ್ತು ದುಡಿಯುವವರ ಮಕ್ಕಳಿಗೆ ಬೇಸಾಯ ಹಾಗೂ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳನ್ನು ಬೆಳೆಸಿತು. ಹೆಬ್ಬಾಳದ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಅದೇ ಮಾದರಿಯಲ್ಲಿ. ಅದಕ್ಕೆ ಕೈಹಿಡಿದು ನೆರವಾದದ್ದು ಟೆನೆಸ್ಸಿ ವಿಶ್ವವಿದ್ಯಾಲಯ.

ಆದರೆ ಟೆನೆಸ್ಸಿ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಅಮೆರಿಕದ ಜನಸಾಮಾನ್ಯರಿಗೆ ಬೇಸಾಯ ನೆನಪಾಗುವುದಿಲ್ಲ, ಫುಟ್ಬಾಲ್ ನೆನಪಾಗುತ್ತದೆ. ನಾಕ್ಸ್‌ವಿಲ್ ನಗರದಲ್ಲಿ ನದಿಯ ದಂಡೆಯ ಮೇಲೆ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಅದರ ಕ್ರೀಡಾಂಗಣವಿದೆ. ಆ ಕ್ರೀಡಾಂಗಣಕ್ಕೆ ಹೆಸರಾದವರು ಜನರಲ್ ರಾಬರ್ಟ್ ರೀಸ್ ನೀಲ್ಯಾಂಡ್. ಅವರು 1962ರಲ್ಲಿ ತೀರಿಕೊಂಡರು. ಅವರ ಬದುಕಿನಲ್ಲಿ ನಮ್ಮ ದೇಶವೂ ಬಂದುಹೋಗುತ್ತದೆ ಎಂಬುದನ್ನು ಬಲ್ಲವರು ಕಡಿಮೆ.

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕದವರು ಫುಟ್ಬಾಲ್ ಎನ್ನುವುದು ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಗಳು ಅಡ್ಡಹಾಕಿ ಕೆಡಹುತ್ತಾರೆ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಒಟ್ಟಿನಲ್ಲಿ ನೆಲ ಗೆಲ್ಲುವ ಆಟ. ಸೈನಿಕರಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಲೇಜು ತಂಡಗಳ ನಡುವೆ ಪ್ರತಿ ವರ್ಷ, ಹೆಚ್ಚುಕಡಿಮೆ ಅದೇ ವಾರದಲ್ಲಿ, ಅದೇ ಎದುರಾಳಿಯೊಂದಿಗೆ ಪಂದ್ಯ ನಡೆಯುತ್ತದೆ. ವರ್ಷವಿಡೀ ಸೋತ ತಂಡವೂ ಆ ಒಂದು ಪಂದ್ಯ ಗೆದ್ದರೆ ಊರವರು ಎಲ್ಲವನ್ನೂ ಮರೆಯುತ್ತಾರೆ. ಎಲ್ಲವನ್ನೂ ಗೆದ್ದು ಆ ಒಂದನ್ನು ಸೋತರೆ ಕ್ಷಮೆಯಿಲ್ಲ. ಚರ್ಚಿನ ಹಬ್ಬದಂದು ಎರಡು ವಾರ್ಡುಗಳ ನಡುವೆ ಹಗ್ಗಜಗ್ಗಾಟ ನಡೆಸಿದ ಯಾವ ಗುರುಗಳಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಬರ್ಟ್ ನೀಲ್ಯಾಂಡ್ 1892ರ ಫೆಬ್ರವರಿ 17ರಂದು ಟೆಕ್ಸಾಸ್ ರಾಜ್ಯದ ಗ್ರೀನ್‌ವಿಲ್ ಎಂಬಲ್ಲಿ ಜನಿಸಿದರು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿ 1916ರಲ್ಲಿ ಸೇನೆಯ ಎಂಜಿನಿಯರಿಂಗ್ ದಳ ಸೇರಿದರು. ವಿದ್ಯಾರ್ಥಿಯಾಗಿದ್ದಾಗ ಬೇಸ್‌ಬಾಲ್, ಬಾಕ್ಸಿಂಗ್, ಫುಟ್ಬಾಲ್ ಮೂರರಲ್ಲೂ ಮುಂದಿದ್ದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿ ಮರಳಿದ ಮೇಲೆ, ವೆಸ್ಟ್ ಪಾಯಿಂಟಿನ ಮುಖ್ಯಸ್ಥರಾಗಿದ್ದ ಡಗ್ಲಾಸ್ ಮೆಕಾರ್ಥರ್ ಅವರ ಸಹಾಯಕರಾಗಿ ಕೆಲಸ ಮಾಡಿದರು. 1925ರಲ್ಲಿ ವಿದ್ಯಾರ್ಥಿಗಳಿಗೆ ಸೇನಾ ಶಿಕ್ಷಣ ನೀಡಲು ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಬಂದರು. ಜೊತೆಗೆ ಫುಟ್ಬಾಲ್ ತಂಡದ ಸಹಾಯಕ ತರಬೇತುದಾರರ ಕೆಲಸವೂ ಸಿಕ್ಕಿತು.

ಆಗ ಟೆನೆಸ್ಸಿಯವರಿಗೆ ಒಂದು ದೊಡ್ಡ ಕೊರಗಿತ್ತು. ಅದೇ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ವ್ಯಾಂಡರ್‌ಬಿಲ್ಟ್ ಎಂಬ ಖಾಸಗಿ ವಿಶ್ವವಿದ್ಯಾಲಯವಿದೆ. ಮೆಥಡಿಸ್ಟ್ ಸಭೆಯವರು ಆರಂಭಿಸಿದ ಸಂಸ್ಥೆ ಅದು. ಇವೆರಡರ ನಡುವಣ ಪಂದ್ಯ 1892ರಲ್ಲೇ ಶುರುವಾಗಿತ್ತು. ಅಂದಿನಿಂದ 1925ರವರೆಗೆ ಟೆನೆಸ್ಸಿ ಗೆದ್ದದ್ದು ಎರಡೇ ಬಾರಿ, 1914ರಲ್ಲಿ ಮತ್ತು 1916ರಲ್ಲಿ. ವ್ಯಾಂಡರ್‌ಬಿಲ್ಟ್‌ನ ತರಬೇತುದಾರ ಡ್ಯಾನ್ ಮೆಗ್ಯೂಗಿನ್ ದಕ್ಷಿಣದ ರಾಜ್ಯಗಳಲ್ಲೆಲ್ಲ ಹೆಸರಾಂತರು. ಒಂದು ಕಡೆ ಉಳ್ಳವರ ಖಾಸಗಿ ವಿದ್ಯಾಸಂಸ್ಥೆ, ಇನ್ನೊಂದು ಕಡೆ ಬೆಟ್ಟಸೀಮೆಯ ರೈತರ ಮಕ್ಕಳು ಓದುವ ಸರಕಾರಿ ಸಂಸ್ಥೆ. ಪೈಪೋಟಿಯ ಬೇರು ಬಹುಪಾಲು ಮೈದಾನದ ಹೊರಗೇ ಇರುತ್ತದೆ.

ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಕ್ರೀಡಾ ಸಮಿತಿಯ ಮುಖ್ಯಸ್ಥರೂ ಆಗಿದ್ದ ನೇಥನ್ ಡೋಹರ್ಟಿ ಅವರು 1926ರ ಋತುವಿಗೆ ನೀಲ್ಯಾಂಡರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿದರು. ವ್ಯಾಂಡರ್‌ಬಿಲ್ಟ್‌ನೊಂದಿಗಿನ ಹಳೆಯ ಲೆಕ್ಕವನ್ನು ಸರಿಪಡಿಸಬೇಕು ಎಂಬುದೇ ಅವರಿಗೆ ಒಪ್ಪಿಸಿದ ಕೆಲಸ. ಮೊದಲ ವರ್ಷ 20-3ರಿಂದ ಸೋಲು. 1927ರಲ್ಲಿ 7-7, ಸಮಬಲ. 1928ರಲ್ಲಿ 6-0, ಗೆಲುವು. ಅಲ್ಲಿಂದ ಮುಂದೆ ಗಾಳಿಯೇ ತಿರುಗಿತು. ನೀಲ್ಯಾಂಡರು ತರಬೇತುದಾರರಾಗಿದ್ದ 21 ಋತುಗಳಲ್ಲಿ ವ್ಯಾಂಡರ್‌ಬಿಲ್ಟ್ ಎದುರು 16 ಗೆಲುವು, 3 ಸೋಲು, 2 ಸಮಬಲ. ಒಂದು ತಲೆಮಾರು ಹೊತ್ತ ಕೊರಗನ್ನು ಅವರು ಇನ್ನೊಂದು ತಲೆಮಾರಿಗೆ, ಎದುರು ಮನೆಗೆ, ದಾಟಿಸಿಬಿಟ್ಟರು ಎನ್ನಬಹುದು.

ಅದೇ 1928ರಲ್ಲಿ ಇನ್ನೊಂದು ಪೈಪೋಟಿಗೆ ಜೀವ ಬಂತು. ಹಲವು ವರ್ಷ ನಿಂತುಹೋಗಿದ್ದ ಅಲಬಾಮ ವಿಶ್ವವಿದ್ಯಾಲಯದೊಡನೆಯ ಪಂದ್ಯ ಮತ್ತೆ ಆರಂಭವಾಯಿತು. ಅಲಬಾಮ ಆಗ ಹೆಸರುವಾಸಿ ತಂಡ, ಟೆನೆಸ್ಸಿ ಗೆಲ್ಲಬಹುದೆಂದು ಯಾರೂ ಎಣಿಸಿರಲಿಲ್ಲ. ಪಂದ್ಯದ ಮೊದಲ ಒದೆತದಲ್ಲೇ ಬಂದ ಚೆಂಡನ್ನು ಹಿಡಿದು ಜೀನ್ ಮೆಕೀವರ್ ಎಂಬ ಯುವಕ 98 ಗಜ ಓಡಿ ಅಂಕ ಗಳಿಸಿದ. ಟೆನೆಸ್ಸಿ 15-13ರಿಂದ ಗೆದ್ದಿತು. ಅಂದಿನಿಂದ, ಯುದ್ಧಕಾಲದ 1943 ಒಂದನ್ನು ಬಿಟ್ಟು, ಈ ಪಂದ್ಯ ವರ್ಷ ತಪ್ಪದೆ ನಡೆದುಬಂದಿದೆ. ಅಕ್ಟೋಬರ್ ತಿಂಗಳ ಮೂರನೇ ಶನಿವಾರ ಎಂಬುದೇ ಅದರ ಹೆಸರಾಯಿತು. ಪಂದ್ಯ ಪ್ರತಿ ವರ್ಷವೂ ಆ ದಿನವೇ ಬಂದದ್ದಿಲ್ಲ, ಆದರೂ ಹೆಸರು ಉಳಿದಿದೆ.

ನೀಲ್ಯಾಂಡರ ವಿಧಾನದಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಒಂದೇ ಚಲನೆಯನ್ನು ಕಾಲು ತಾನಾಗಿ ಕಲಿಯುವವರೆಗೆ ನೂರಾರು ಸಲ ಮಾಡಿಸುತ್ತಿದ್ದರು. ಗೆಲ್ಲುವುದಕ್ಕಿಂತ ಮೊದಲು ಸೋಲದಿರುವುದನ್ನು ಕಲಿಸಿದರು. ಎದುರಾಳಿಗೆ ಅಂಕ ಬಿಟ್ಟುಕೊಡಬಾರದು, ಅವರು ತಪ್ಪುಮಾಡುವವರೆಗೆ ಕಾಯಬೇಕು, ತಪ್ಪಿದೊಡನೆ ಅದನ್ನು ಬಳಸಿಕೊಳ್ಳಬೇಕು. ಇದನ್ನು ಅವರು ಏಳು ಸೂತ್ರಗಳಾಗಿ ಬರೆದಿಟ್ಟರು. ಪಂದ್ಯಕ್ಕೆ ಮುಂಚೆ ಆಟಗಾರರು ಒಟ್ಟಾಗಿ ಅವನ್ನು ಹೇಳುವ ಪದ್ಧತಿ ಟೆನೆಸ್ಸಿ ತಂಡದಲ್ಲಿ ಇಂದಿಗೂ ಇದೆ. ಪಂದ್ಯಗಳ ಚಲನಚಿತ್ರ ತೆಗೆಸಿ ಮರುದಿನ ತಪ್ಪುಗಳನ್ನು ನೋಡುವುದು, ಮೇಲೆ ಗ್ಯಾಲರಿಯಲ್ಲಿ ಕುಳಿತ ಸಹಾಯಕನಿಂದ ದೂರವಾಣಿಯಲ್ಲಿ ವರದಿ ಪಡೆಯುವುದು, ಇವನ್ನೆಲ್ಲ ಬಳಕೆಗೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು. 1939ರ ಋತುವಿನ ಹತ್ತು ಪಂದ್ಯಗಳಲ್ಲಿ ಟೆನೆಸ್ಸಿ 212 ಅಂಕ ಗಳಿಸಿತು, ಬಿಟ್ಟುಕೊಟ್ಟದ್ದು ಸೊನ್ನೆ. ಕಾಲೇಜು ಫುಟ್ಬಾಲಿನ ದೊಡ್ಡ ತಂಡಗಳಲ್ಲಿ ಆ ಬಳಿಕ ಯಾರಿಗೂ ಅದು ಸಾಧ್ಯವಾಗಿಲ್ಲ. ಆದರೆ 1940ರ ಹೊಸವರ್ಷದ ದಿನ ಕ್ಯಾಲಿಫೋರ್ನಿಯದ ರೋಸ್ ಬೌಲ್ ಪಂದ್ಯದಲ್ಲಿ ಅದೇ ತಂಡ 14-0ರಿಂದ ಸೋತಿತು.

ನೆರೆಯ ಕೆಂಟಕಿ ರಾಜ್ಯದೊಡನೆಯ ಪಂದ್ಯಕ್ಕೆ ಬೇರೆಯೇ ಒಂದು ಸಂಪ್ರದಾಯವಿತ್ತು. 1925ರಲ್ಲಿ ಶುರುವಾದದ್ದು, ಗೆದ್ದವರಿಗೆ ಮರದ ಒಂದು ಬಿಯರ್ ಪೀಪಾಯಿ. ಅದು ಪಾನನಿಷೇಧದ ಕಾಲ. ಆದ್ದರಿಂದ ಪೀಪಾಯಿಯ ಮೇಲೆ ಐಸ್ ವಾಟರ್ ಎಂದು ಬರೆಸಿದ್ದರು! ಎರಡೂ ಕಡೆಯ ಬಣ್ಣ ಬಳಿದ ಆ ಪೀಪಾಯಿ ದಶಕಗಳ ಕಾಲ ಅತ್ತಿಂದಿತ್ತ ಓಡಾಡಿತು. 1998ರ ನವೆಂಬರಿನಲ್ಲಿ ಕುಡಿದು ಕಾರು ಓಡಿಸಿದ್ದರಿಂದಾದ ಅಪಘಾತದಲ್ಲಿ ಕೆಂಟಕಿಯ ಒಬ್ಬ ಆಟಗಾರನೂ ಅವನ ಗೆಳೆಯನೂ ಸತ್ತರು. ಆಮೇಲೆ ಎರಡೂ ವಿಶ್ವವಿದ್ಯಾಲಯಗಳು ಪೀಪಾಯಿಯನ್ನು ಒಳಗಿಟ್ಟವು. ಎಪ್ಪತ್ತಕ್ಕೂ ಹೆಚ್ಚು ವರ್ಷದ ಸಂಪ್ರದಾಯವನ್ನು ಸತ್ತ ಮಕ್ಕಳ ತಂದೆತಾಯಿಯರ ಮುಖ ನೋಡಿ ಬಿಟ್ಟದ್ದು ಸಣ್ಣ ಮಾತಲ್ಲ. ಪಂದ್ಯವೇನೋ ಮುಂದುವರಿದಿದೆ.

ನೀಲ್ಯಾಂಡರು ಎರಡು ಬಾರಿ ತಂಡವನ್ನು ಬಿಟ್ಟು ಸೇನೆಗೆ ಮರಳಬೇಕಾಯಿತು. 1935ರಲ್ಲಿ ಪನಾಮಕ್ಕೆ. ಮರುವರ್ಷ ಸೇನೆಯಿಂದ ನಿವೃತ್ತರಾಗಿ ಮರಳಿದರು. 1941ರಲ್ಲಿ ಮತ್ತೆ ಕರೆ ಬಂತು. ಈ ಸಲ ಅವರು ಬಂದದ್ದು ಚೀನಾ-ಬರ್ಮಾ-ಭಾರತ ರಣರಂಗಕ್ಕೆ. ಕಲ್ಕತ್ತೆಯಲ್ಲಿ ಅಮೆರಿಕನ್ ಸೇನೆಯ ಸರಬರಾಜು ನೆಲೆಯ ಹೊಣೆ ಅವರ ಹೆಗಲಿಗೆ ಬಿತ್ತು. ಅಸ್ಸಾಂ, ಬರ್ಮಾ ಮತ್ತು ಚೀನಾಕ್ಕೆ ಹೋಗುವ ಸಾಮಗ್ರಿ ಹಡಗಿನಿಂದ ಇಳಿಯುತ್ತಿದ್ದುದು ಕಲ್ಕತ್ತೆಯ ಬಂದರಿನಲ್ಲಿ. ಹಡಗು ಕಾಯುವಂತಿಲ್ಲ, ಸರಕು ಕೊಳೆಯುವಂತಿಲ್ಲ. 1943ರ ಕ್ಷಾಮದಲ್ಲಿ ಬಂಗಾಳದ ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದ ಕಾಲವದು. ಬ್ರಿಗೇಡಿಯರ್ ಜನರಲ್ ಹುದ್ದೆಯಲ್ಲಿ 1946ರಲ್ಲಿ ನಿವೃತ್ತರಾಗಿ ಅವರು ಮೂರನೆಯ ಬಾರಿ ನಾಕ್ಸ್‌ವಿಲ್‌ಗೆ ಮರಳಿದರು. ಜನರಲ್ ಎಂಬ ಹೆಸರು ಆಮೇಲೆ ಬಿಡಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ನೀಲ್ಯಾಂಡರು ಗೆದ್ದ ಪಂದ್ಯಗಳಲ್ಲಿ, ಗೆದ್ದವರಲ್ಲಾಗಲಿ ಸೋತ ದಕ್ಷಿಣದ ತಂಡಗಳಲ್ಲಾಗಲಿ, ಕಪ್ಪು ಜನಾಂಗದ ಒಬ್ಬ ಹುಡುಗನೂ ಆಡಲಿಲ್ಲ. ಕಪ್ಪು ಜನಾಂಗದ ವಿದ್ಯಾರ್ಥಿಗಳು ಪದವಿ ತರಗತಿಗೆ ಟೆನೆಸ್ಸಿ ವಿಶ್ವವಿದ್ಯಾಲಯದ ಬಾಗಿಲು ದಾಟಿದ್ದು 1961ರಲ್ಲಿ. ಫುಟ್ಬಾಲ್ ತಂಡದಲ್ಲಿ ಅವರಲ್ಲೊಬ್ಬ, ಲೆಸ್ಟರ್ ಮೆಕ್ಲೇನ್, ಆಡಿದ್ದು 1968ರಲ್ಲಿ. ಸರಕಾರದ ಜಮೀನಿನಿಂದ, ಸಾಮಾನ್ಯರ ಮಕ್ಕಳಿಗೆಂದು ಹುಟ್ಟಿದ ಕಾಲೇಜಿನಲ್ಲಿ ಸಾಮಾನ್ಯರೆಂದರೆ ಯಾರು ಎಂಬ ಪ್ರಶ್ನೆಗೆ ಅಷ್ಟು ವರ್ಷ ತಪ್ಪು ಉತ್ತರವೇ ಸಿಕ್ಕಿತ್ತು. ಊರಿಗೆ ಊರೇ ಒಂದಾಗಿ ಕೂಗುವ ಪಂದ್ಯದ ದಿನ ಊರಿನ ಒಂದು ಪಾಲು ಹೊರಗೇ ಇತ್ತು.

ಯುದ್ಧದ ನಂತರ ಕೆಂಟಕಿ ತಂಡಕ್ಕೆ ಪಾಲ್ ಬ್ರಯಂಟ್ ಎಂಬ ತರುಣ ತರಬೇತುದಾರರು ಬಂದಿದ್ದರು. ಮುಂದೆ ಅಲಬಾಮದಲ್ಲಿ ದೊಡ್ಡ ಹೆಸರು ಮಾಡಿದವರು ಇವರೇ. ಆದರೆ ನೀಲ್ಯಾಂಡರ ಎದುರು ಮಾತ್ರ ಬ್ರಯಂಟ್ ಒಮ್ಮೆಯೂ ಗೆಲ್ಲಲಿಲ್ಲ. ಏಳು ವರ್ಷಗಳಲ್ಲಿ ಐದು ಸೋಲು, ಎರಡು ಸಮಬಲ. 1950ರಲ್ಲಿ ಕೆಂಟಕಿ ಒಂದೂ ಪಂದ್ಯ ಸೋಲದೆ ನಾಕ್ಸ್‌ವಿಲ್‌ಗೆ ಬಂದು 7-0ರಿಂದ ಸೋತು ಹೋಯಿತು. ಆ ವರ್ಷ ಅವರನ್ನು ಸೋಲಿಸಿದ ತಂಡ ಅದೊಂದೇ. 1951ರಲ್ಲಿ ಟೆನೆಸ್ಸಿ ದೇಶದ ಅಗ್ರತಂಡವೆಂದು ಘೋಷಿತವಾಯಿತು. 1952ರ ಋತುವಿನ ಬಳಿಕ ಆರೋಗ್ಯ ಕೆಟ್ಟು ನೀಲ್ಯಾಂಡರು ತರಬೇತಿ ಬಿಟ್ಟರು. ಅಷ್ಟರಲ್ಲಿ 173 ಗೆಲುವು, 31 ಸೋಲು, 12 ಸಮಬಲ ಅವರ ಲೆಕ್ಕದಲ್ಲಿದ್ದವು. ಮರುವರ್ಷವೇ, 1953ರಲ್ಲಿ, ಬ್ರಯಂಟರ ಕೆಂಟಕಿ ಟೆನೆಸ್ಸಿಯನ್ನು ಸೋಲಿಸಿತು.

ಕ್ರೀಡಾ ನಿರ್ದೇಶಕರಾಗಿ ನೀಲ್ಯಾಂಡರು ಕೊನೆಯವರೆಗೂ ದುಡಿದರು. 1921ರಲ್ಲಿ ಬರೇ 3,200 ಆಸನಗಳಿದ್ದ ಮೈದಾನವನ್ನು ಹಂತಹಂತವಾಗಿ ಬೆಳೆಸುವ ಯೋಜನೆಯಲ್ಲಿ ಅವರ ಎಂಜಿನಿಯರಿಂಗ್ ಬುದ್ಧಿ ಕೆಲಸ ಮಾಡಿತು. 1962ರ ಮಾರ್ಚ್ 28ರಂದು ನ್ಯೂ ಓರ್ಲಿಯನ್ಸಿನಲ್ಲಿ ನಿಧನರಾದರು. ಅದೇ ವರ್ಷ ಪಂದ್ಯಕ್ಕೆ ನದಿಯಲ್ಲಿ ದೋಣಿಯೇರಿ ಬರುವ ಪದ್ಧತಿಯೂ ಅಲ್ಲಿ ಹುಟ್ಟಿತು. ಪಂದ್ಯದ ಮಾತುಗಾರರೊಬ್ಬರು ರಸ್ತೆಯ ದಟ್ಟಣೆ ತಪ್ಪಿಸಲು ದೋಣಿಯಲ್ಲಿ ಬಂದರಂತೆ. ಇಂದು ಪಂದ್ಯದ ದಿನ ಅಲ್ಲಿ ದೋಣಿಗಳ ಸಾಲೇ ನಿಲ್ಲುತ್ತದೆ, ಥೇಟ್ ನಮ್ಮ ಮಲ್ಪೆಯ ಧಕ್ಕೆಯಂತೆ.

ಮೈದಾನಕ್ಕೆ ನೀಲ್ಯಾಂಡ್ ಕ್ರೀಡಾಂಗಣ ಎಂಬ ಹೆಸರಿಡಲು ಆರಿಸಿದ ದಿನ 1962ರ ಅಕ್ಟೋಬರ್ 20, ತಿಂಗಳ ಮೂರನೇ ಶನಿವಾರ. ಎದುರಾಳಿ ಅಲಬಾಮ. ಅದರ ತರಬೇತುದಾರರು ನೀಲ್ಯಾಂಡರನ್ನು ಎಂದೂ ಸೋಲಿಸಲಾಗದಿದ್ದ ಅದೇ ಪಾಲ್ ಬ್ರಯಂಟ್. ಪಂದ್ಯ ಮುಗಿದಾಗ ಅಲಬಾಮ 27, ಟೆನೆಸ್ಸಿ 7.